ಎಬ್ಬಿಸುವ ಎಲೆ

“ಗುರುಗಳೇ, ನಿಯಮವನ್ನು ಒಂದಕ್ಷರವೂ ತಪ್ಪದಂತೆ ಪಾಲಿಸಿದವನಿಗೆ ಪಾಪ ತಟ್ಟುತ್ತದೆಯೇ?” ಎಂದು ಶಿಷ್ಯ ಕೇಳಿದ. ಮಠದ ಬಾಗಿಲು ಕಾಯುವ ಕೆಲಸ ಅವನದು. ಊಟದ ಹೊತ್ತು ಮುಗಿದ ಮೇಲೆ ಬಂದ ಒಬ್ಬ ಮುದುಕಿಯನ್ನು ಅಂದು ಅವನು ಹಿಂದಕ್ಕೆ ಕಳಿಸಿದ್ದ.

ಗುರು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಅವನು ದುಂಡನೆಯ ಆಟದ ಎಲೆಗಳನ್ನು ಮಾಡಿ, ಒಂದೊಂದರ ಮೇಲೂ ಲೋಕದಲ್ಲಿ ಎಲ್ಲೂ ಇಲ್ಲದ ಜೀವಿಯನ್ನು ಬಿಡಿಸಿದ: ಎರಡು ತಲೆಯ ಹಕ್ಕಿ, ರೆಕ್ಕೆಯ ಕುದುರೆ, ಬಿದ್ದವರನ್ನು ಎಬ್ಬಿಸುವ ಯಕ್ಷಿ. ಚಿತ್ರದ ಕೆಳಗೆ ಆ ಎಲೆಯ ಶಕ್ತಿಯನ್ನು ಒಂದು ಸಾಲಿನಲ್ಲಿ ಬರೆದ. ಊರಿಗೆ ಊರೇ ಆ ಆಟಕ್ಕೆ ಮರುಳಾಯಿತು. ಆಟ ಬಂದ ಮೇಲೆ ಜಗಳ ಬಾರದೆ ಇರುತ್ತದೆಯೇ? ಬಿರುಗಾಳಿ ಭೂತದ ಎಲೆಯಲ್ಲಿ ‘ರೆಕ್ಕೆ ಇದ್ದವರನ್ನು ಕೆಡವುತ್ತದೆ’ ಎಂದಿತ್ತು. ಹಾಗಾದರೆ ಇನ್ನೊಂದು ಎಲೆಯ, ರೆಕ್ಕೆಯಿದ್ದೂ ಹಾರಲಾರದ ಕೋಳಿರಾಕ್ಷಸ ಬೀಳಬೇಕೋ ಬೇಡವೋ ಎಂದು ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟರು. ಆಗ ಚಿತ್ರಗಾರ ತನ್ನ ಬಾಲ್ಯದ ಗೆಳೆಯನಾದ ಒಬ್ಬ ಪಂಡಿತನನ್ನು ತೀರ್ಪು ಹೇಳಲು ಕೂರಿಸಿದ. “ರೆಕ್ಕೆ ಇದೆ ತಾನೇ? ಬೀಳಲಿ. ಹಾರುವ ಮಾತನ್ನು ಎಲೆ ಎತ್ತಿಲ್ಲ” ಎಂದ ಪಂಡಿತ. ಜಗಳ ಅಲ್ಲಿಗೆ ಮುಗಿಯಿತು.

ಆಟಕ್ಕೊಂದು ಕಟ್ಟಳೆ ಇತ್ತು. ಎಲೆ ಇಳಿಸುವಾಗ ಅದರ ಶಕ್ತಿ ಯಾರಿಗೆ ಸಲ್ಲಬೇಕೆಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಎಲೆ ಬರಿಯ ಚಿತ್ರ. ಸುಮ್ಮನೆ ಇಳಿಸಿ, ಎದುರಾಳಿಯ ಆಟ ನೋಡಿಕೊಂಡು, ಆಮೇಲೆ ‘ನಾನಂದುಕೊಂಡಿದ್ದು ಅದಲ್ಲ, ಇದು’ ಎನ್ನುವ ಜಾಣರಿಗೆಂದು ಚಿತ್ರಗಾರನೇ ಮಾಡಿದ್ದ ಕಟ್ಟಳೆ ಅದು.

ಪಂಡಿತ ಇಪ್ಪತ್ತು ವರ್ಷ ತೀರ್ಪು ಹೇಳಿದ. ಯಾರ ಮುಖವನ್ನೂ ನೋಡಿ ಹೇಳಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆ ಇತ್ತು, ತುಸು ಹೆಚ್ಚೇ ಇತ್ತು.

ಹೀಗಿರುವಾಗ ಚಿತ್ರಗಾರನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಎರಡು ವರ್ಷ ಅವನು ಹೊಸ್ತಿಲು ದಾಟಲಿಲ್ಲ. ಮಗಳು ದಿನವೂ ಎಲೆಗಳನ್ನು ಮುಂದೆ ಹರಡಿ ಮಾತು ಹೇಳಿಸುತ್ತಿದ್ದಳು. ಯಕ್ಷಿಯ ಎಲೆಗೆ ಎರಡೇ ಮಾತು ಬಂದವು: “ಕುದುರೆ ಎಬ್ಬಿಸು.” ಅವು ಬಂದ ದಿನ ಅಪ್ಪ ಮಗಳು ಇಬ್ಬರೂ ಅತ್ತರು. ಇನ್ನು ತಾನೂ ನಾಲ್ಕು ಜನರ ನಡುವೆ ಕೂರಬಹುದು ಎಂದು ಅವನು ಆಟದ ಜಗಲಿಗೆ ಹೊರಟ.

ಎದುರಿಗೆ ಒಬ್ಬ ವ್ಯಾಪಾರಿ ಕುಳಿತ. ಸ್ವಲ್ಪ ಹೊತ್ತಿಗೆ ಚಿತ್ರಗಾರನ ಕುದುರೆ ಬಿತ್ತು. ಅವನು ಎಡಗೈಯಿಂದ ಯಕ್ಷಿಯನ್ನು ಇಳಿಸಿ, ಬಿದ್ದ ಕುದುರೆಯನ್ನು ಬೆರಳಿನಿಂದ ತೋರಿಸಿ, ಬಾಯಿ ತೆರೆದ. ಮನೆಯಲ್ಲಿ ನೂರು ಸಲ ಬಂದ ಮಾತು ಅಲ್ಲಿ ಬರಲಿಲ್ಲ. ತುಟಿ ನಡುಗಿತು, ಜೊಲ್ಲು ಇಳಿಯಿತು. ವ್ಯಾಪಾರಿ “ತಿಳೀತು ಬಿಡಿ ಯಜಮಾನ್ರೇ” ಎಂದು ಕುದುರೆಯ ಎಲೆಯನ್ನು ತಾನೇ ಎತ್ತಿಕೊಡಲು ಕೈ ಚಾಚಿದ.

ಪಂಡಿತನಿಗೆ ದಿಗಿಲಾಯಿತು. ಗೆಳೆಯನಿಗೆಂದು ಕಟ್ಟಳೆ ಸಡಿಲಿಸಿದ ಎಂದು ಊರು ಆಡಿಕೊಂಡರೆ? ಬೇರೆ ಯಾರಾದರೂ ಆಗಿದ್ದರೆ ಅವನು ಇನ್ನೊಂದು ಗಳಿಗೆ ಕಾಯುತ್ತಿದ್ದನೇನೋ.

“ಹೇಳಿಲ್ಲ. ಎಲೆ ಬರಿಯ ಚಿತ್ರ” ಎಂದುಬಿಟ್ಟ.

“ಮಾವಾ, ಆ ಕಟ್ಟಳೆ ಮಾಡಿದವರೇ ಇವರಲ್ವಾ? ಯಾಕೆ ಮಾಡಿದ್ರು ಅಂತ ನಿಮಗೆ ಗೊತ್ತಿಲ್ವಾ?” ಎಂದಳು ಮಗಳು.

“ಗೊತ್ತಮ್ಮ. ಆದರೆ ಇವತ್ತು ಇವನಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕಾಗುತ್ತೆ.”

ಚಿತ್ರಗಾರ ಗೆಳೆಯನ ಮುಖ ನೋಡಿದ. ಹೌದೆಂಬಂತೆ ತಲೆಯಾಡಿಸಿದ. ಯಕ್ಷಿಯನ್ನು ಮಗುಚಿಟ್ಟು, ಮಗಳ ಹೆಗಲು ಹಿಡಿದು ಎದ್ದು ಹೋದ.

ಮೂರು ತಿಂಗಳಿಗೆ ಅವನು ತೀರಿಕೊಂಡ. ಪಂಡಿತ ಆ ಮನೆಗೆ ಹೋಗಿ ಮಗಳ ಎದುರು ಕುಳಿತ. “ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ನೇನಮ್ಮ?” ಎಂದು ಕೇಳಿದ.

“ಇಲ್ಲ ಮಾವ, ಸಿಟ್ಟೇನೂ ಇರಲಿಲ್ಲ. ಆವತ್ತಿಂದ ಮಾತು ಕಲಿಯೋದನ್ನ ಬಿಟ್ಟುಬಿಟ್ರು, ಅಷ್ಟೇ” ಎಂದಳು ಅವಳು.

ಪಂಡಿತ ಆಮೇಲೆ ತೀರ್ಪು ಹೇಳಲು ಕೂರಲಿಲ್ಲ. ದಿನವೂ ಆ ಮನೆಯ ಬಾಗಿಲ ತನಕ ಹೋಗುತ್ತಾನೆ, ನಿಲ್ಲುತ್ತಾನೆ, ಏನೂ ಹೇಳದೆ ಹಿಂದಿರುಗುತ್ತಾನೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ, “ಹಾಗಾದರೆ ಪಂಡಿತನ ತೀರ್ಪು ತಪ್ಪೇ, ಗುರುಗಳೇ?” ಎಂದ.

“ತಪ್ಪಾಗಿದ್ದರೆ ಕ್ಷಮೆ ಕೇಳುತ್ತಿದ್ದ; ಸರಿಯಾಗಿತ್ತಲ್ಲ, ಏನೆಂದು ಕೇಳುತ್ತಾನೆ?”