ಗ್ರಂಥಾಲಯದ ಸೂರಿಗಾಗಿ ನಡೆದ ಸಭೆ

ಕಾಡಿನ ಪ್ರಾಣಿಗಳಿಗೆಲ್ಲ ಸೇರಿದ ಒಂದು ಗ್ರಂಥಾಲಯವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಆಮೆಯಜ್ಜಿ ಎಲ್ಲರನ್ನೂ ಅದರ ಅಂಗಳಕ್ಕೆ ಕರೆದು, "ಸೂರು ಸೋರುತ್ತಿದೆ. ಮನೆಗೊಂದು ಹೊರೆ ಹುಲ್ಲು ಕೊಟ್ಟರೆ ಪುಸ್ತಕಗಳು ಉಳಿಯುತ್ತವೆ" ಎಂದು ಕೇಳಿಕೊಂಡಳು.

"ನಾನು ಓದುವವನಲ್ಲ, ನಾನೇಕೆ ಕೊಡಲಿ?" ಎಂದಿತು ಕಾಡುಹಂದಿ.

"ನನ್ನ ಮಕ್ಕಳ ಓದು ಮುಗಿದಿದೆ" ಎಂದಿತು ಮೊಲ. ಉಳಿದವೂ ಹೌದೆಂದು ತಲೆಯಾಡಿಸಿದವು.

ಆಗ ಗೋಡೆಯ ಬಿರುಕಿನಿಂದ ಗೆದ್ದಲೊಂದು ಹೊರಬಂದು ಹಂದಿಗೆ ಕೈಮುಗಿಯಿತು. "ನಿಮ್ಮ ಉಪಕಾರ ಮರೆಯುವುದಿಲ್ಲ, ಸ್ವಾಮಿ. ಇನ್ನೊಂದು ಮಳೆಗೆ ಪುಸ್ತಕಗಳು ನೆನೆದರೆ ನಮ್ಮ ಕುಲವೆಲ್ಲ ಹೊಟ್ಟೆತುಂಬ ಉಣ್ಣುತ್ತದೆ. ಇಷ್ಟು ಜನರ ಬೆಂಬಲ ಸಿಗುತ್ತದೆಂದು ನಾವು ಕನಸಲ್ಲೂ ಎಣಿಸಿರಲಿಲ್ಲ."

ಸಭೆಯೆಲ್ಲ ಹಂದಿಯತ್ತ ತಿರುಗಿತು.

"ನಾನು ನಿನ್ನ ಪರವಾಗಿ ಮಾತಾಡಲಿಲ್ಲ" ಎಂದು ಹಂದಿ ತೊದಲಿತು.

"ಮಾತಾಡಬೇಕೆಂದೇನೂ ಇಲ್ಲ, ಸ್ವಾಮಿ. ನೀವು ಸುಮ್ಮನೆ ಮನೆಗೆ ಹೋದರೂ ನಮಗೆ ಸಾಕು" ಎಂದಿತು ಗೆದ್ದಲು.

ಹಂದಿ ಎದ್ದು ಹೊರಟಿತು. ಅದಕ್ಕೆ ಸಿಟ್ಟು ಬಂದಿದೆ ಎಂದು ಎಲ್ಲರೂ ಅಂದುಕೊಂಡರು. ಆದರೆ ಅದು ತಾನು ಮಲಗುವ ಹಾಸಿಗೆಯ ಹುಲ್ಲನ್ನೇ ಬಾಯಲ್ಲಿ ಕಚ್ಚಿಕೊಂಡು ಮರಳಿ ಬಂದು, ಆಮೆಯಜ್ಜಿಯ ಮುಂದೆ ಹಾಕಿತು. ಅಜ್ಜಿಯ ಮುಖ ನೋಡಲಾರದೆ ಮೊಲವೂ ತನ್ನ ಪಾಲು ತರಲು ಓಡಿತು.