ಬಾನೆಟ್ ಇಲ್ಲದ ಗಾಡಿ

ಮಲಪ್ರಭೆಯ ದಂಡೆಯ ಮೇಲೆ ಸುಭದ್ರವ್ವನವರ ಆಶ್ರಮ. ಎರಡು ಹೆಂಚಿನ ಕೋಣೆ, ಒಂದು ಬಾವಿ, ಒಂದು ದೊಡ್ಡ ಕೊಟ್ಟಿಗೆ. ಅಷ್ಟೇ.

ಕೊಟ್ಟಿಗೆಯಲ್ಲಿ ದನ ಇರಲಿಲ್ಲ. ಒಂದು ಹಳೆಯ ಕಾರಿತ್ತು.

ಸಾವಿರದ ಒಂಬೈನೂರ ಐವತ್ತನಾಲ್ಕರ, ಮಾರಿಸ್ ಕಂಪನಿಯದು. ಹತ್ತಿ ವ್ಯಾಪಾರದ ಭಕ್ತರೊಬ್ಬರು ಎಂದೋ ತಂದು ಬಿಟ್ಟುಹೋಗಿದ್ದು. ಮೂವತ್ತು ವರ್ಷ ಅದರೊಳಗೆ ಕೋಳಿಗಳು ಮೊಟ್ಟೆಯಿಟ್ಟಿದ್ದವು.

ಗದಿಗೆಪ್ಪ ಆಶ್ರಮಕ್ಕೆ ಬಂದಾಗ ಅವನಿಗೆ ಮೂವತ್ತೆರಡು ವರ್ಷ. ಹುಬ್ಬಳ್ಳಿಯ ವರ್ಕ್‌ಶಾಪೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸುತ್ತಿದ್ದವನು. ಮನಸ್ಸಿಗೆ ನೆಲೆಯಿಲ್ಲ, ಏನಾದರೂ ಉಪದೇಶ ಮಾಡಿ ಎಂದು ಅವ್ವನ ಕಾಲಿಗೆ ಬಿದ್ದ. ಅವ್ವ ಅವನನ್ನು ಎಬ್ಬಿಸಿ, ಕೊಟ್ಟಿಗೆಯ ಬಾಗಿಲು ತೆಗೆದು ಕಾರು ತೋರಿಸಿದರು. ಮೊದಲು ಕೋಳಿಗಳನ್ನು ಹೊರಗೆ ಓಡಿಸು ಎಂದರು.

ಇದು ಆರು ವರ್ಷದ ಹಿಂದಿನ ಮಾತು.

ಆರು ವರ್ಷದಲ್ಲಿ ಗದಿಗೆಪ್ಪ ಎಂಜಿನ್ ಬಿಚ್ಚಿ ಜೋಡಿಸಿದ. ಸಿಗದ ಭಾಗಗಳನ್ನು ಊರೂರು ಗುಜರಿಯಲ್ಲಿ ಹುಡುಕಿದ. ಅಲ್ಲೂ ಸಿಗದಿದ್ದನ್ನು ಹಳೆಯ ಗೆಳೆಯರ ಲೇತಿನಲ್ಲಿ ತಾನೇ ಕಡೆದ. ಬ್ರೇಕು, ಗೇರು, ಚಕ್ರ, ಒಂದೊಂದಾಗಿ ಜೀವ ಹಿಡಿದವು.

ಬೆಳಿಗ್ಗೆ ಗಾಡಿ, ಸಂಜೆ ಅವ್ವನ ಮುಂದೆ ಪ್ರಶ್ನೆ. ಆತ್ಮ ಎಂದರೇನು, ಬಂಧನ ಎಂದರೇನು, ಪೂರ್ಣ ಎಂದರೇನು. ಅವ್ವ ಕೆಲವಕ್ಕೆ ಉತ್ತರ ಕೊಟ್ಟರು. ಕೆಲವಕ್ಕೆ ಚಹಾ ಕೊಟ್ಟರು.

ಹದಿನಾಲ್ಕು ಕಿಲೋಮೀಟರ್ ದೂರದ ಬಸರಿಕಟ್ಟಿಯಲ್ಲಿ ಊರವರು ಸೇರಿ ಒಂದು ಶೆಡ್ ಕಟ್ಟಿಸಿದ್ದರು. ಒಂದು ಲೇತ್ ತಂದಿಟ್ಟು, ಕೆಲಸ ಕಲಿಯಬೇಕೆಂದು ಇಪ್ಪತ್ತೆರಡು ಹುಡುಗ ಹುಡುಗಿಯರನ್ನು ಒಟ್ಟುಗೂಡಿಸಿದ್ದರು. ಕಲಿಸುವವರು ಮಾತ್ರ ಇರಲಿಲ್ಲ. ಗದಿಗೆಪ್ಪನನ್ನು ಕರೆದರು.

ಗಾಡಿ ಮುಗಿದ ಮೇಲೆ ಬರುತ್ತೇನೆ ಎಂದ. ಮತ್ತೆ ಕರೆದರು. ಮತ್ತೆ ಅದೇ ಹೇಳಿದ. ಮೂರನೇ ಸಲ ಊರ ಹಿರಿಯರೊಬ್ಬರು ಖುದ್ದಾಗಿ ಬಂದರು. ಬರುವ ಸೋಮವಾರ ಹತ್ತು ಗಂಟೆಗೆ ಮಕ್ಕಳು ಬಂದು ಕೂರುತ್ತಾರೆ, ಅಂದೂ ಮಾಸ್ತರು ಬರದಿದ್ದರೆ ಶೆಡ್ಡಿನಲ್ಲಿ ಗೊಬ್ಬರದ ಚೀಲ ಒಟ್ಟುತ್ತೇವೆ ಎಂದು ಹೇಳಿ ಹೋದರು.

ಸೋಮವಾರ ಬೆಳಗಾಯಿತು. ಗದಿಗೆಪ್ಪ ಎಂದಿನಂತೆ ಗಾಡಿಯ ಕೆಳಗೆ ಮಲಗಿದ್ದ.

ಅವ್ವ ಬಂದು ಕೋಲಿನಿಂದ ಅವನ ಅಂಗಾಲಿಗೆ ತಟ್ಟಿದರು.

"ಎಂಜಿನ್ ಚಾಲೂ ಆಗ್ತೈತೇನು?"

"ಆಗ್ತೈತ್ರಿ ಅವ್ವ."

"ಬ್ರೇಕ್ ಹಿಡೀತೈತೇನು?"

"ಹಿಡೀತೈತ್ರಿ."

"ಮತ್ತೇನು ಉಳೀತು?"

ಗದಿಗೆಪ್ಪ ಹೊರಗೆ ತೆವಳಿ ಬಂದು ಉಳಿದದ್ದನ್ನೆಲ್ಲ ಹೇಳತೊಡಗಿದ. ಎಂಜಿನ್ ಮುಚ್ಚುವ ಬಾನೆಟ್ ಇನ್ನೂ ತಗಡು ಬಡಿಯುವವನ ಬಳಿ ಇದೆ. ಬಣ್ಣ ಹಚ್ಚಿಲ್ಲ, ಮೈಗೆ ಬೂದು ಪ್ರೈಮರ್ ಮಾತ್ರ. ಎಡಗಡೆಯ ಬಾಗಿಲಿಲ್ಲ. ಸೀಟುಗಳಿಲ್ಲ, ಮುಂದೆ ಒಂದು ಉದ್ದ ಹಲಗೆ ಅಷ್ಟೇ. ಹಾರ್ನ್ ಇಲ್ಲ.

ಅವ್ವ ಒಳಗೆ ಹೋಗಿ ತಮ್ಮ ಕೌದಿ ತಂದರು. ಅದನ್ನು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿದರು. ಬಾಗಿಲಿಲ್ಲದ ಕಡೆಯಿಂದ ಹತ್ತಿ ಕೂತರು.

"ನಡಿ, ಬಸರಿಕಟ್ಟಿಗೆ. ಹಾರ್ನ್ ನಾ ಅದೀನಿ."

ಅವ್ವ ಹತ್ತಿ ಕೂತ ಮೇಲೆ ಇಳಿಯಿರಿ ಎನ್ನುವುದು ಹೇಗೆ. ಗದಿಗೆಪ್ಪ ಕೈ ಒರೆಸಿಕೊಂಡು ಸ್ಟಿಯರಿಂಗ್ ಹಿಡಿದ.

ಎಂಜಿನ್ ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ಹೊತ್ತಿಕೊಂಡಿತು. ಕೊಟ್ಟಿಗೆಯ ಕತ್ತಲಿನಿಂದ ಗಾಡಿ ಬಿಸಿಲಿಗೆ ಬಂತು. ಬಾವಿಯನ್ನು ದಾಟಿತು. ಬೇಲಿಯನ್ನು ದಾಟಿತು. ಮಣ್ಣಿನ ದಾರಿ ಹಿಡಿದು ಡಾಂಬರು ರಸ್ತೆಗೆ ಏರಿತು.

ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಗಾಳಿ ಅದರೊಳಗೆ ನುಗ್ಗಿತು. ಅವ್ವನ ಸೆರಗು ಹಾರಿ ಗದಿಗೆಪ್ಪನ ಮುಖಕ್ಕೆ ಬಡಿಯಿತು.

ಎದುರಿಗೆ ಎಮ್ಮೆಗಳು ಬಂದವು. ಅವ್ವ ಹೊರಗೆ ಬಾಗಿ ದೊಡ್ಡ ದನಿಯಲ್ಲಿ ಕೂಗಿದರು. ಎಮ್ಮೆಗಳು ಸರಿದವು. ಎಪ್ಪತ್ತೆರಡು ವರ್ಷದ ಅವರ ಮುಖ ಹೊಸ ಬಳೆ ತೊಟ್ಟ ಹುಡುಗಿಯ ಮುಖದಂತಾಗಿತ್ತು.

ಗದಿಗೆಪ್ಪ ಅದನ್ನು ನೋಡಲಿಲ್ಲ. ಅವನ ಕಿವಿಗೆ ಒಂದು ಸದ್ದು ಬಿದ್ದಿತ್ತು. ಟಕ್, ಟಕ್, ಟಕ್.

ಅವನು ಗಾಡಿ ಬದಿಗೆ ನಿಲ್ಲಿಸಿದ. ಎಂಜಿನಿನ ಮೇಲೆ ಬಗ್ಗಿ ಕಿವಿಯಿಟ್ಟ. ವಾಲ್ವ್ ಇರಬಹುದು, ಬೇರಿಂಗ್ ಇರಬಹುದು, ತಿರುಗಿ ಹೋಗುವುದೇ ಒಳ್ಳೆಯದು ಎಂದ. ಎಂಜಿನ್ ಬಂದ್ ಮಾಡಿ ನೋಡಿದ.

ಎಂಜಿನ್ ನಿಂತಿತು. ಟಕ್ ಟಕ್ ನಿಲ್ಲಲಿಲ್ಲ.

ಅವ್ವ ಕೋಲಿನಿಂದ ಗಾಡಿಯ ತಳದ ತಗಡನ್ನು ಬಡಿಯುತ್ತಿದ್ದರು.

"ಖುಷಿ ಆಗಿತ್ತು," ಎಂದರು. "ತಾಳ ಹಾಕ್ತಿದ್ದೆ."

ಗದಿಗೆಪ್ಪ ನಾಚಿ ಮತ್ತೆ ಗಾಡಿ ಹೊರಡಿಸಿದ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ನಿಲ್ಲಿಸಿದ. ರೇಡಿಯೇಟರಿನ ನೀರು ಕುದಿಯುತ್ತಿದೆಯೋ ಏನೋ ಎಂಬ ಅನುಮಾನ. ಇಳಿದು ಮುಟ್ಟಿ ನೋಡಿದ. ಕುದಿದಿರಲಿಲ್ಲ.

"ದಾರ್ಯಾಗ ಏನು ನೋಡಿದಿ?" ಎಂದು ಅವ್ವ ಕೇಳಿದರು.

"ಶಾಖ ತೋರ್ಸೋ ಮೀಟರಿನ ಮುಳ್ಳು ನೋಡ್ಕೋತ ಬಂದೆರಿ."

ತಾವು ನೋಡಿದ್ದನ್ನು ಅವ್ವ ಹೇಳಿದರು. ಒಂದು ಹೊಲ ಪೂರ್ತಿ ಕುಸುಬೆ ಹೂ ಬಿಟ್ಟಿತ್ತು. ಕಳೆ ತೆಗೆಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ಗಾಡಿಯನ್ನು ನೋಡಿದರು, ಒಬ್ಬಳು ಕೈ ಬೀಸಿದಳು. ಒಂದು ನಾಯಿ ಅರ್ಧ ಮೈಲು ಪಂದ್ಯ ಕಟ್ಟಿ ಓಡಿ ಸೋತು ಕೂತಿತು.

ಇವನ್ನೆಲ್ಲ ಗದಿಗೆಪ್ಪ ಬೇರೆ ಯಾವುದೋ ದಾರಿಯ ಸುದ್ದಿಯಂತೆ ಕೇಳಿಸಿಕೊಂಡ.

ಮುಂದೆ ರಸ್ತೆ ನಿಧಾನವಾಗಿ ಇಳಿಯುತ್ತ ಹಳ್ಳದ ಸೇತುವೆಯ ಕಡೆಗೆ ಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗದಿಗೆಪ್ಪ ಮೂರನೇ ಸಲ ನಿಲ್ಲಿಸಿದ. ಆಯಿಲ್ ಸೋರುತ್ತಿದ್ದರೆ ರಸ್ತೆಯ ಮೇಲೆ ಹನಿ ಬಿದ್ದಿರಬೇಕು, ನೋಡಿ ಬರುತ್ತೇನೆ ಎಂದ.

"ಇಳೀಬ್ಯಾಡ, ಗದಿಗೆಪ್ಪ."

ಒಂದೇ ನಿಮಿಷ ಎಂದು ಇಳಿದೇಬಿಟ್ಟ. ಎಂಜಿನ್ ನಡೆಯುತ್ತಲೇ ಇತ್ತು. ಗಾಡಿಯ ಹಿಂದೆ ಇಪ್ಪತ್ತು ಹೆಜ್ಜೆ ಹೋಗಿ ಕುಕ್ಕರಗಾಲಲ್ಲಿ ಕೂತು ಡಾಂಬರಿಗೆ ಬೆರಳು ಒತ್ತಿ ನೋಡಿದ. ಒಣಗಿತ್ತು.

ಆಗ ಎಂಜಿನಿನ ದನಿ ಬದಲಾಯಿತು. ಯಾರೋ ಕ್ಲಚ್ ಒತ್ತಿ ಗೇರು ಹಾಕಿದ ದನಿ ಅದು.

ಅವನು ತಿರುಗಿ ನೋಡಿದ. ಅವ್ವ ಹಲಗೆಯ ಮೇಲೆ ಬಲಕ್ಕೆ ಸರಿದು ಕೂತಿದ್ದರು. ಗಾಡಿ ಹೊರಟಿತ್ತು.

ಗದಿಗೆಪ್ಪ ಧಡಕ್ಕನೆ ಎದ್ದ. ಅವ್ವಾ ಎಂದು ಕೂಗುತ್ತ ಬೆನ್ನಟ್ಟಿದ. ಬ್ರೇಕ್ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಎರಡನೇ ಗೇರು ಹಟ ಮಾಡುತ್ತದೆ, ಅದೆಲ್ಲ ಅವರಿಗೆ ಏನು ಗೊತ್ತು.

ಎರಡನೇ ಗೇರು ಬಿತ್ತು. ಕಿರ್ ಎನ್ನಲಿಲ್ಲ. ಅಷ್ಟು ಮೆತ್ತಗೆ ಅದು ಗದಿಗೆಪ್ಪನ ಕೈಗೂ ಎಂದೂ ಬಿದ್ದಿರಲಿಲ್ಲ.

ಓಡುತ್ತ ಓಡುತ್ತ ಅವನು ನೋಡಿದ.

ಹಿಂದಿನ ಎರಡು ಚಕ್ರಗಳು ಒಂದು ಕೂದಲೆಳೆಯಷ್ಟೂ ಓಲಾಡದೆ ಉರುಳುತ್ತಿದ್ದವು. ಹೊಗೆ ತೆಳ್ಳಗಿತ್ತು. ಬೂದು ಮೈಯ ಮೇಲೆ ಬಿಸಿಲು ಜಾರುತ್ತಿತ್ತು. ತಿರುವಿನಲ್ಲಿ ಗಾಡಿ ತುಸು ಬಾಗಿ, ಈಜು ಬಲ್ಲವನು ನೀರಿನಲ್ಲಿ ಮಗ್ಗುಲಾದಂತೆ ಮಗ್ಗುಲಾಗಿ, ಮತ್ತೆ ನೆಟ್ಟಗಾಯಿತು.

ಆರು ವರ್ಷ ಅವನು ಆ ಗಾಡಿಯ ಕೆಳಗಿದ್ದ, ಒಳಗಿದ್ದ. ಅದು ಓಡುವುದನ್ನು ಒಮ್ಮೆಯೂ ಕಂಡಿರಲಿಲ್ಲ.

ರಸ್ತೆಯ ಬದಿಯಲ್ಲಿ ಕುರಿ ಕಾಯುತ್ತಿದ್ದ ಹೆಂಗಸೊಬ್ಬಳು, ಗಾಡಿ ಯಾರಾದರೂ ಕದ್ದರೇನು ಎಂದು ಕೂಗಿ ಕೇಳಿದಳು.

"ಇಲ್ಲಬೇ, ನಮ್ಮ ಗುರುಗಳು," ಎಂದ ಗದಿಗೆಪ್ಪ, ನಿಲ್ಲದೆ. ತಾನು ನಗುತ್ತಿದ್ದೇನೆ ಎಂದು ಅವನಿಗೆ ಆಗ ಗೊತ್ತಾಯಿತು.

ಚಪ್ಪಲಿ ಕಳಚಿಹೋದವು. ಬರಿಗಾಲಲ್ಲೇ ಓಡಿದ. ಇನ್ನೊಂದು ಕುಸುಬೆ ಹೊಲ ಕಂಡಿತು, ಹಳ್ಳದ ನೀರು ಕಂಡಿತು, ಆಚೆ ದಂಡೆಯಲ್ಲಿ ಹಾರಿದ ಬೆಳ್ಳಕ್ಕಿಗಳು ಕಂಡವು. ಎಲ್ಲದರ ನಡುವೆ ಅವನ ಗಾಡಿ ಹಾಡುತ್ತ ಇಳಿಯುತ್ತಿತ್ತು.

ಸೇತುವೆಯ ಹತ್ತಿರ ಅದು ನಿಂತಿತು. ನೆಟ್ಟಗೆ, ಬದಿಗೆ, ಬಸ್ಸಿಗೆ ದಾರಿ ಬಿಟ್ಟು.

ಗದಿಗೆಪ್ಪ ಬಂದು ಮಡ್‌ಗಾರ್ಡ್ ಹಿಡಿದು ನಿಂತ. ಉಸಿರು ತಿರುಗಲು ಹೊತ್ತು ಹಿಡಿಯಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಅವ್ವ, ಗಾಡಿ ಭಾಳ ಛಂದ ಓಡ್ತೈತ್ರಿ."

"ಹೌದು."

ನಿಮಗೆ ಗಾಡಿ ಓಡಿಸಲು ಬರುತ್ತದೆಂದು ನನಗೆ ತಿಳಿದೇ ಇರಲಿಲ್ಲವಲ್ಲ ಎಂದ. ಅವ್ವ ಹೇಳಿದರು: ಮೊದಲು ತಾವು ನರ್ಸ್ ಆಗಿದ್ದರು, ಹಳ್ಳಿ ಹಳ್ಳಿಗೆ ಹೆರಿಗೆಗೆ ಹೋಗಲು ಆಸ್ಪತ್ರೆಯ ಜೀಪನ್ನು ಹನ್ನೊಂದು ವರ್ಷ ತಾವೇ ಓಡಿಸಿದ್ದರು.

"ಆರು ವರ್ಷದಾಗ ಒಮ್ಮೆನೂ ಹೇಳಲಿಲ್ರಿ."

"ಆತ್ಮ ಅಂದ್ರ ಏನು ಅಂತ ಕೇಳ್ತಿದ್ದಿ. ಇದನ್ನ ಯಾವಾಗ ಕೇಳಿದಿ?"

ಅವ್ವ ಕೋಲೂರಿ ಕೆಳಗಿಳಿದರು. ಕೌದಿಯನ್ನು ಹಲಗೆಯ ಮೇಲೇ ಬಿಟ್ಟರು. ಇನ್ನೆಂಟು ಕಿಲೋಮೀಟರ್ ಇದೆ, ಹತ್ತಕ್ಕೆ ಇನ್ನೂ ಸಮಯವಿದೆ, ನಿಧಾನವಾಗಿ ಹೋಗು ಎಂದರು. ಆಶ್ರಮದ ಕಡೆ ಹೋಗುವ ಬಸ್ಸು ತಮಗೆ ಇಲ್ಲೇ ಸಿಗುತ್ತದೆ ಎಂದರು.

ಗದಿಗೆಪ್ಪನ ನಗು ಇಳಿಯಿತು. ಅವನು ಗಾಡಿಯ ಮುಂದಿನ ತೆರೆದ ಬಾಯಿಯನ್ನು ನೋಡಿದ. ಎಂಜಿನ್, ತಂತಿ, ಪೈಪು, ಎಲ್ಲವೂ ಊರಿಗೆ ಕಾಣುವಂತಿತ್ತು.

"ಬಾನೆಟ್ಟೂ ಇಲ್ಲದ ಗಾಡಿ ತಗೊಂಡು ಕಲಿಯೋ ಮಕ್ಕಳ ಮುಂದ ಹ್ಯಾಂಗ ಹೋಗಲಿ ಅವ್ವ?"

"ಬಾನೆಟ್ ಇದ್ದಿದ್ರ ಅವರಿಗೆ ಏನು ಕಾಣ್ತಿತ್ತು?"

ಅವನು ಎಂಜಿನಿನ ಒಂದು ತಂತಿಯನ್ನು ನೆಟ್ಟಗೆ ಮಾಡಿದ. ಮತ್ತೆ ಕೇಳಿದ.

"ಅವರ ಮುಂದನ ಕೆಟ್ಟು ನಿಂತ್ರ?"

"ಏನು ಮಾಡ್ತಿ?"

"ಬಿಚ್ಚಿ ರಿಪೇರಿ ಮಾಡ್ತೀನ್ರಿ."

"ಅವರು ಏನು ಮಾಡ್ತಾರ?"

"ಸುತ್ತ ನಿಂತು ನೋಡ್ತಾರ್ರಿ."

ಎಂಜಿನ್ ಒಂದೇ ಸಮ ನಡೆಯುತ್ತಿತ್ತು. ಗದಿಗೆಪ್ಪ ಅದನ್ನು ಕೇಳುತ್ತ ನಿಂತ. ಈ ಸಲ ಯಾವ ಸದ್ದನ್ನೂ ಹುಡುಕಲಿಲ್ಲ.

ಬಗ್ಗಿ ಅವರ ಪಾದ ಮುಟ್ಟಿದ. ಹಲಗೆಯ ಮೇಲೆ ಕೂತ. ಗೇರು ಹಾಕಿದ ಮೇಲೂ ಕಾಲು ಕ್ಲಚ್ಚಿನ ಮೇಲೇ ಇತ್ತು.

"ನೀವೂ ಬರ್ರಿ ಅವ್ವ. ಊರ ತನಕ ಬ್ಯಾಡ, ಸೇತುವೆ ದಾಟೂತನಕ."

ಅವ್ವ ಸೆರಗು ಬಿಗಿದುಕೊಂಡು, ಕೋಲಿನ ಮೇಲೆ ಎರಡೂ ಕೈಯಿಟ್ಟು, ರಸ್ತೆಯ ಬದಿಗೆ ಸರಿದು ನಿಂತರು.

"ಗಾಡಿ ಓಡೋದನ್ನ ನೀ ನೋಡಿದಿ. ನಾ ಇನ್ನೂ ನೋಡಿಲ್ಲ."