ಅಂದಾನಪ್ಪನಿಲ್ಲದ ಊರು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿದ್ದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಕಲ್ಮೇಶ.

ಆ ದಿನ ಬೆಳಗಿನಿಂದ ಕಲ್ಮೇಶ ಕಾಲು ಸುಟ್ಟ ಬೆಕ್ಕಿನಂತೆ ತಿರುಗಾಡುತ್ತಿದ್ದ. ಹೂವಿನ ಗಿಡಕ್ಕೆ ನೀರು ಹಾಕಲು ಹೋದವನು ಕೊಡವನ್ನು ಅಲ್ಲೇ ಬಿಟ್ಟು ಬಂದ. ಜಪಕ್ಕೆ ಕೂತವನು ನಡುವೆಯೇ ಎದ್ದು ರಸ್ತೆಯವರೆಗೆ ಹೋಗಿ ಮರಳಿದ.

ಅಜ್ಜಾರು ಕಟ್ಟೆಯ ಮೇಲೆ ಕೂತು ಹಳೆಯ ಕೌದಿಗೆ ತೇಪೆ ಹಾಕುತ್ತಿದ್ದರು.

"ಕಾಲಿಗೆ ಇರುವಿ ಹತ್ಯಾವೇನೋ ತಮ್ಮಾ?"

"ಅಜ್ಜಾರ, ನಮ್ಮ ಮಾಮಾನ ಕಾರು..."

"ಅದನ್ನ ಕಿವುಡ ಮಕ್ಕಳ ಸಾಲಿಗೆ ದಾನ ಕೊಟ್ಟು ಬಂದೆಲ್ಲ."

"ಕೊಟ್ಟೀನ್ರಿ. ಅವರು ಅದನ್ನ ಮಾರಾಕತ್ತ್ಯಾರ."

"ಮತ್ತೇನು, ಆ ಮಕ್ಕಳು ಕಾರು ಹೊಡೀತಾವೇನು?"

"ಮಾರಲ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ತಗೊಳ್ಳಾಕ ಬಂದವ ಅಂದಾನಪ್ಪ!"



ತಂದೆಯಿಲ್ಲದ ಕಲ್ಮೇಶನನ್ನು ಸಾಕಿದವರು ಸೋದರಮಾವ ಚನ್ನವೀರಪ್ಪ, ಹತ್ತಿ ವ್ಯಾಪಾರಿ. ಅವರ ಜೀವವೆಲ್ಲ ಒಂದು ಹಳೆಯ ಇಂಪಾಲಾ ಕಾರಿನಲ್ಲಿತ್ತು. ಕೆನೆಬಣ್ಣ, ದೋಣಿಯಷ್ಟು ಉದ್ದ, ಹಿಂಬದಿಗೆ ರೆಕ್ಕೆಯಂಥ ಎರಡು ಅಂಚು. ಒಮ್ಮೆ ಮದುವೆಗೆ ಹೋಗುವಾಗ ಮಳೆ ಬಂದು ಅದು ಎರೆಮಣ್ಣಿನಲ್ಲಿ ಹೂತುಕೊಂಡಿತು. ಅದೇ ಪೇಟೆಯ ಇನ್ನೊಬ್ಬ ವ್ಯಾಪಾರಿ ಅಂದಾನಪ್ಪ ತನ್ನ ಎತ್ತು ಕಟ್ಟಿ ಎಳೆಸಿದ.

ಎಳೆಸಿ ಸುಮ್ಮನಿದ್ದಿದ್ದರೆ ಪುಣ್ಯವಂತ ಎನಿಸಿಕೊಳ್ಳುತ್ತಿದ್ದ. "ವಿಲಾಯತಿ ಕುದುರಿಗೆ ನಮ್ಮ ಎತ್ತು ಬೇಕಾದವು ನೋಡ್ರಿ" ಎಂದು ಪೇಟೆ ತುಂಬ ಹೇಳಿಕೊಂಡು ನಕ್ಕ. ಚನ್ನವೀರಪ್ಪ ಮತ್ತೆಂದೂ ಅವನ ಮುಖ ನೋಡಲಿಲ್ಲ.

ಸಾಯುವಾಗ ಕಾರನ್ನು ಅಳಿಯ ಕಲ್ಮೇಶನಿಗೆ ಬಿಟ್ಟರು. ಬಿಡುವಾಗ ಕೈ ಹಿಡಿದು ಒಂದು ಮಾತು ತೆಗೆದುಕೊಂಡರು: "ನೀ ಆಶ್ರಮದಾಗ ಇರಾಂವ, ಯಾರಿಗರ ಕೊಡು. ಆ ಅಂದಾನಪ್ಪನ ಕೈಗೆ ಮಾತ್ರ ಹೋಗಬಾರದು." ಕಲ್ಮೇಶ ಹೂಂ ಅಂದಿದ್ದ. ಸಾಯುವವರ ಮುಂದೆ ಬೇರೇನು ಅನ್ನಲಾಗುತ್ತದೆ?

"ಕೊಟ್ಟ ಮಾತು ಹೆಂಗ ಮುರೀಲಿ ಅಜ್ಜಾರ? ಅವರ ಅನ್ನ ಉಂಡು ಬೆಳದೀನಿ. ಇತ್ಲಾಗ ಸಾಲಿಯವರು ಮಳಿಗಾಲ ಬರೂದರೊಳಗ ಸೂರಿಗೆ ತಗಡು ಹಾಕಸಬೇಕು ಅಂತ ಕಾಯಾಕತ್ತ್ಯಾರ. ನನಗ ಉಂಡದ್ದು ಮೈಗೆ ಹತ್ತವಲ್ದು."

ಅಜ್ಜಾರು ದಾರವನ್ನು ಹಲ್ಲಿನಿಂದ ಕಡಿದರು.

"ಕಾರು ವಾಪಸ್ ತಗೋ."

ಕಲ್ಮೇಶ ಬೆಪ್ಪಾದ. "ದಾನ ಕೊಟ್ಟದ್ದನ್ನರಿ?"

"ಹೂಂ. ನಾ ಹೇಳೀನಿ ಅಂತ ಹೇಳು. ಅಂದಾನಪ್ಪ ಇಲ್ಲದ ಊರು ಹುಡುಕಿ ಅಲ್ಲಿ ಕೊಡು. ಸಿಗಲಿಲ್ಲಂದ್ರ ಹೊಳ್ಳಿ ಬಾ."

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರೆ. ಕೊಟ್ಟವನೇ ಹೋಗಿ ಆಕಳನ್ನು ಬಿಚ್ಚಿಕೊಂಡು ಬಂದರೆ ಏನನ್ನಬೇಕೋ ಗೊತ್ತಿಲ್ಲ. ಕಲ್ಮೇಶ ಹೋದಾಗ ಶಾಲೆಯ ಮಕ್ಕಳು ಕಾರು ಒರೆಸುತ್ತಿದ್ದವು. ಮಾರುವ ಮುಂಚೆ ಅದು ಹೊಳೆಯಬೇಕಲ್ಲ. ಅವನು ಕಾರಿನ ಬಾಗಿಲು ತೆಗೆದದ್ದೇ ಒಂದು ಹುಡುಗಿ ಅರಿವೆ ಹಿಡಿದುಕೊಂಡೇ ಹಿಂದೆ ಸರಿದು ನಿಂತಳು.

ಅಜ್ಜಾರ ಮಾತು ಎಂದಾಗ ಶಾಲೆ ನಡೆಸುವ ಸುಮಿತ್ರಕ್ಕ ಎದುರಾಡದೆ ಚಾವಿ ತಂದುಕೊಟ್ಟರು.

"ತಗಡಿಂದು ಹೆಂಗ್ರಿ?" ಎಂದಷ್ಟೇ ಕೇಳಿದರು.

"ನೋಡೋಣ್ರಿ ಅಕ್ಕಾರ."

ಕಲ್ಮೇಶನಿಗೆ ತುಂಬಾ ನಾಚಿಕೆಯಾಯಿತು. ಆದರೂ ಹೊರಟ.

ಮೊದಲು ಸಿಕ್ಕಿದ್ದು ಒಂದು ಗೋಶಾಲೆ. ಯಜಮಾನರು ಕಾರಿನ ಸುತ್ತ ಒಂದು ಸುತ್ತು ಹಾಕಿ ಖುಷಿಯಾದರು.

"ಇದನ್ನ ಮಾರಿದ್ರ ಬ್ಯಾಸಗಿ ಮೇವು ಬರತೈತ್ರಿ."

"ಮಾರ್ರಿ. ಅಂದಾನಪ್ಪಗ ಮಾತ್ರ ಮಾರಬ್ಯಾಡ್ರಿ."

"ಯಾವ ಅಂದಾನಪ್ಪ?"

ಕಲ್ಮೇಶ ಮದುವೆ, ಮಳೆ, ಎರೆಮಣ್ಣು, ಎತ್ತು ಎಲ್ಲ ಹೇಳಿದ. ವಿಲಾಯತಿ ಕುದುರೆಯ ಮಾತು ಬಂದದ್ದೇ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಳುಗಳನ್ನು ಕರೆದು ಅವರಿಗೂ ಹೇಳಿದರು. ಅವರೂ ನಕ್ಕರು. ಕಲ್ಮೇಶ ಕಾರು ತಿರುಗಿಸಿದ.

ಮುಂದಿನ ಊರಿನಲ್ಲಿ ಪುಕ್ಕಟೆ ಕಣ್ಣಿನ ಆಸ್ಪತ್ರೆಯಿತ್ತು. ಅಲ್ಲಿನ ಡಾಕ್ಟರು ಕರಾರನ್ನು ಪೂರಾ ಕೇಳಿಸಿಕೊಂಡರು.

"ನಾವು ಒಬ್ಬಗ ಮಾರ್ತೀವಿ, ಅವ ಇನ್ನೊಬ್ಬಗ ಮಾರ್ತಾನ. ಕಡೀಕ ಯಾರ ಕೈಗೆ ಹೋಗತೈತೋ ಅಂತ ನಾವು ಬೆನ್ನು ಹತ್ತಾಕ ಆಗತೈತೇನ್ರಿ?"

ಮಾತು ಸರಿಯಾಗಿಯೇ ಇತ್ತು. ಕಲ್ಮೇಶನಿಗೆ ಸಿಟ್ಟು ಬಂದದ್ದೇ ಅದಕ್ಕೆ.

ಆಮೇಲೆ ಇನ್ನೂ ಕೆಲವು ಊರು ಅಲೆದ. ಒಂದು ಕಡೆ ಯಾವ ಅಂದಾನಪ್ಪ ಎಂದು ಕೇಳಿದರು, ಒಂದು ಕಡೆ ನಕ್ಕರು, ಒಂದು ಕಡೆ ಇವನಿಗೆ ತಲೆ ನೆಟ್ಟಗಿಲ್ಲವೆಂದು ಚಹಾ ಕುಡಿಸಿ ಕಳಿಸಿದರು. ದಾರಿಯಲ್ಲಿ ಒಬ್ಬ ಮುದುಕ ಕಾರಿನ ರೆಕ್ಕೆ ಸವರಿ, "ಭಾರೀ ಐತಿ. ಯಾರದ್ರೀ ಇದು?" ಎಂದು ಕೇಳಿದ.

"ಅಂದಾನಪ್ಪಗ ಕೊಡಬಾರದ ಕಾರು," ಎಂದುಬಿಟ್ಟ ಕಲ್ಮೇಶ.

ಮುದುಕ ಅವನ ಮುಖ ನೋಡಿ ಸರಿದುಹೋದ. ಮಾವನ ಹೆಸರು ಹೇಳಬೇಕಿತ್ತು ಎಂದು ಕಲ್ಮೇಶನಿಗೆ ಆಮೇಲೆ ಹೊಳೆಯಿತು.

ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಕೂತ. ಚಿಕ್ಕವನಿದ್ದಾಗ ಇದೇ ಸೀಟಿನ ಮೇಲೆ ಮಾವನ ತೊಡೆಗೆ ಒರಗಿ ನಿದ್ದೆ ಹೋಗುತ್ತಿದ್ದ. ಈಗ ಮಾವನನ್ನು ನೆನೆದು ಒಮ್ಮೆ ಅತ್ತುಬಿಡಬೇಕು ಅನ್ನಿಸಿತು. ಕಣ್ಣು ಮುಚ್ಚಿದರೆ ಅಂದಾನಪ್ಪ ನಗುತ್ತ ಬಂದ. ಅಳುವೂ ಬರಲಿಲ್ಲ.

ಕಲ್ಮೇಶ ಆಶ್ರಮಕ್ಕೆ ಮರಳಿದಾಗ ಕೆನೆಬಣ್ಣದ ಕಾರು ಧೂಳಿನಲ್ಲಿ ಮಣ್ಣಿನ ಬಣ್ಣವಾಗಿತ್ತು. ಅಜ್ಜಾರು ಹೊಳೆಯಲ್ಲಿ ಮಿಂದು ಮೆಟ್ಟಿಲು ಹತ್ತಿ ಬರುತ್ತಿದ್ದರು.

"ಸಿಕ್ಕಿತೇನು ಊರು?"

"ಇಲ್ರಿ."

"ಹೋದಲ್ಲೆಲ್ಲ ಅಂದಾನಪ್ಪ ಇದ್ದನೇನು?"

"ಎಲ್ಲಿದ್ದರೀ! ಯಾರಿಗೂ ಅವನ ಗುರ್ತಾ ಇರಲಿಲ್ಲ."

"ಈಗ?"

ಕಲ್ಮೇಶ ತಲೆ ತಗ್ಗಿಸಿದ. "ಈಗ ಎಲ್ಲಾರಿಗೂ ಗೊತ್ತದಾನ್ರಿ."

ಅಜ್ಜಾರು ಒದ್ದೆ ಪಂಚೆಯನ್ನು ಹಿಂಡುತ್ತ ನಿಂತರು. ಕಲ್ಮೇಶನಿಗೆ ತಡೆಯಲಾಗಲಿಲ್ಲ.

"ತಪ್ಪಾಗೇತಿ ಅಂತ ಗೊತ್ತೈತ್ರಿ. ಸಾಲಿಗೆ ಹೊಳ್ಳಿ ಒಯ್ಯಬೇಕು ಅಂತಾನೂ ಗೊತ್ತೈತ್ರಿ. ಆದ್ರ ಅವ ಮಾಮಾನ ಕಾರಿನಾಗ ಕುಂಡ್ರೂದನ್ನ ಯಾವ ಕಣ್ಣಿಲೆ ನೋಡಲಿ ಅಜ್ಜಾರ?"

ಅಜ್ಜಾರು ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಕಾರಿನ ಹತ್ತಿರ ಹೋದರು. ಕಲ್ಮೇಶ ಕಾರು ಹೊಡೆಯುವಾಗ ಅವನ ಪಕ್ಕಕ್ಕಿದ್ದ ಸೀಟಿನ ಬಾಗಿಲು ತೆರೆದರು. ಖಾಲಿ ಸೀಟಿನತ್ತ ಬಾಗಿ, ವಯಸ್ಸಾದವರನ್ನು ಇಳಿಸಿಕೊಳ್ಳುವವರ ಹಾಗೆ ಕೈ ಚಾಚಿದರು.

"ಇಳೀಪಾ ಅಂದಾನಪ್ಪ. ಈ ಹುಡುಗನ ಜೋಡಿ ಊರೂರು ತಿರುಗಿ ಸಾಕಾಗಿರಬೇಕು. ನೀ ಇಳದ್ರ ಕಾರು ಸಾಲಿಗೆ ಹೋಗತೈತಿ."